ಆಕಾಶ ಅಲ್ಲ, ನೆಲ ನೋಡಿ

ಮಳೆಗಾಲ ಶುರುವಾದರೆ ಸಾಕು, ನನಗೆ ಎರಡು ಕಡೆಯಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರುತ್ತದೆ. ಆಫೀಸಿನಲ್ಲಿ ಕಾಫಿ ಹೊತ್ತಿಗೆ, "ಏನು, ಕುದುರೆಗಳಿಗೆ ಈಗ ರಜಾನಾ?" ಅಂತ. ಊರಿನಿಂದ ಅಮ್ಮನ ಫೋನಿನಲ್ಲಿ, "ಈ ಮಳೇಲಿ ಕುದುರೆ ಹತ್ತೋಕೆ ಹೋಗ್ತೀಯಲ್ಲೇ, ನಿಂಗೆ ಬುದ್ಧಿ ಇದ್ಯಾ?" ಅಂತ. ಇಬ್ಬರ ತಲೆಯಲ್ಲಿರುವುದೂ ಸಿನಿಮಾದ ಚಿತ್ರವೇ. ಧೋ ಎಂದು ಸುರಿಯುವ ಮಳೆ, ಫಳ್ಳನೆ ಮಿಂಚು, ಕೆಸರು ಹಾರಿಸುತ್ತಾ ನಾಗಾಲೋಟದಲ್ಲಿ ಓಡುವ ಕುದುರೆ, ಮೇಲೆ ಕೂದಲು ಹಾರಿಸಿಕೊಂಡು ಕೂತ ನಾನು!

ನಿಜ ಅಷ್ಟು ರೋಚಕವಾಗಿಲ್ಲ. ಮಳೆಗಾಲದ ಸವಾರಿಯಲ್ಲಿ ಮುಕ್ಕಾಲು ಪಾಲು ಬರೀ ನಡಿಗೆ. ಉಳಿದದ್ದು ಗೊರಸು ಕೆರೆಯುವುದು, ಜೀನು ಒರೆಸುವುದು, ಒದ್ದೆ ಕಾಲುಚೀಲ ಹಿಂಡುವುದು. ಕೆಲವು ಸಲ ಸವಾರಿಯೇ ಇರುವುದಿಲ್ಲ. ಆದರೂ ಕುದುರೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಲಿಸಿದ್ದು ಈ ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳೇ.

ಬೆಂಗಳೂರಿನ ಹೊರವಲಯದ ಒಂದು ಸಣ್ಣ ರೈಡಿಂಗ್ ಸ್ಕೂಲಿಗೆ ಶನಿವಾರ, ಭಾನುವಾರ ಹೋಗುತ್ತೇನೆ. ಇದು ನನ್ನ ನಾಲ್ಕನೇ ಮಳೆಗಾಲ. ನಮಗೆ ಕಲಿಸುವವರು ಸೈನ್ಯದಿಂದ ನಿವೃತ್ತರಾದವರು, ಬೆಳಗಾವಿ ಕಡೆಯವರು. ಸೈನ್ಯದ ರೂಢಿಯಂತೆ ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತೇವೆ. ಮೊದಲ ವರ್ಷ ಒಂದು ಬೆಳಿಗ್ಗೆ ನಾನು ಫೋನಿನಲ್ಲಿ ಹವಾಮಾನದ ಆ್ಯಪ್ ನೋಡುತ್ತಾ, "ಉಸ್ತಾದ್, ಹತ್ತು ಗಂಟೆವರೆಗೂ ಮಳೆ ಇಲ್ಲ" ಅಂದೆ. ಅವರು ನಕ್ಕರು. "ಆಕಾಶಾ ಏನ್ ನೋಡ್ತೀ ತಂಗಿ? ಅದು ಕುದುರಿ ಕಾಲಿಗೆ ಹತ್ತೂದಿಲ್ಲ. ನೆಲಾ ನೋಡು."

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಅಷ್ಟೇ. ಮಳೆ ಮೇಲಿಂದ ಬರುತ್ತದೆ, ಅಪಾಯ ಕೆಳಗಿನಿಂದ ಬರುತ್ತದೆ.

ನಿನ್ನೆಯ ಮಳೆ, ಇವತ್ತಿನ ನೆಲ

ಬೆಂಗಳೂರಿನ ಮಳೆಯ ಸ್ವಭಾವ ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆ. ಜೂನ್, ಜುಲೈನಲ್ಲಿ ಜಿಟಿಜಿಟಿ. ಸಾಮಾನ್ಯವಾಗಿ ವರ್ಷದಲ್ಲೇ ಅತಿ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್‌ನಲ್ಲಿ. ಅದೂ ಹೆಚ್ಚಾಗಿ ಸಂಜೆ ಅಥವಾ ರಾತ್ರಿ ಹೊತ್ತು. ನಮ್ಮ ಕ್ಲಾಸು ಇರುವುದು ಬೆಳಿಗ್ಗೆ ಆರೂವರೆಗೆ. ಹಾಗಾಗಿ ನಾವು ಮಳೆಯಲ್ಲಿ ಸವಾರಿ ಮಾಡುವುದು ಕಡಿಮೆ, ಮಳೆ ಬಂದು ಹೋದ ನೆಲದ ಮೇಲೆ ಮಾಡುವುದು ಜಾಸ್ತಿ. ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿರುತ್ತದೆ. ನೆಲ ಮಾತ್ರ ನಿನ್ನೆ ರಾತ್ರಿಯ ಲೆಕ್ಕವನ್ನು ಇನ್ನೂ ಮುಗಿಸಿರುವುದಿಲ್ಲ.

ಆರು ಗಂಟೆಗೇ ಉಸ್ತಾದ್ ಮೈದಾನ ಸುತ್ತುತ್ತಾರೆ. ನಾಲ್ಕು ಹೆಜ್ಜೆಗೊಮ್ಮೆ ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ತಿರುಗಿಸುತ್ತಾರೆ. ಎಷ್ಟು ಒಳಗೆ ಹೋಯಿತು, ತೆಗೆದಾಗ ಮಣ್ಣು ಮೇಲೆದ್ದು ಬಂತೋ ಅಥವಾ ಹಾಗೇ ಗುಂಡಿಯಾಗಿ ನಿಂತಿತೋ, ಗುಂಡಿಯಲ್ಲಿ ನೀರು ಕಟ್ಟಿತೋ ಇಲ್ಲವೋ ಎಂದು ನೋಡುತ್ತಾರೆ. ಅವರ ಜೊತೆ ಸುತ್ತಿ ಸುತ್ತಿ ನನಗೂ ನಾಲ್ಕು ಥರದ ನೆಲ ಗುರುತು ಸಿಗುತ್ತದೆ.

ಒಂದು, ಕೆಳಗೆ ಗಟ್ಟಿ, ಮೇಲೆ ಮಾತ್ರ ಒಂದು ಪದರ ಒದ್ದೆ. ಬಿಸಿಲಿಗೆ ಕಾದು ಗಟ್ಟಿಯಾದ ಕೆಂಪು ಮಣ್ಣಿನ ಮೇಲೆ, ಅದರಲ್ಲೂ ಗಿಡ್ಡ ಹುಲ್ಲಿನ ಮೇಲೆ, ಸಣ್ಣ ಮಳೆ ಬಿದ್ದಾಗ ಹೀಗಾಗುತ್ತದೆ. ನೋಡಲು ಚೆನ್ನಾಗಿರುತ್ತದೆ, ಕೆಸರು ಇರುವುದಿಲ್ಲ, ಷೂ ಸಹ ಕೊಳೆಯಾಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟ ನೆಲ ಇದೇ. "ರೊಟ್ಟಿ ಮ್ಯಾಲ ಬೆಣ್ಣಿ ಸವರಿದ್ಹಂಗ ಐತಿ" ಅನ್ನುತ್ತಾರೆ ಉಸ್ತಾದ್. ಗೊರಸು ಒಳಗೆ ಇಳಿದು ಹಿಡಿತ ತೆಗೆದುಕೊಳ್ಳುವುದಿಲ್ಲ, ಮೇಲೆಯೇ ಜಾರುತ್ತದೆ.

ಎರಡು, ಆಳದವರೆಗೂ ಸಮನಾಗಿ ನೆನೆದ, ನೀರು ಬಸಿದುಹೋದ ನೆಲ. ಹಿಮ್ಮಡಿ ಸ್ವಲ್ಪ ಇಳಿಯುತ್ತದೆ, ಮಣ್ಣು ಮತ್ತೆ ಮೇಲೇಳುತ್ತದೆ. ಒಣ ಬೇಸಿಗೆಯ ಕಲ್ಲಿನಂಥ ನೆಲಕ್ಕಿಂತ ಇದು ಕುದುರೆಯ ಕಾಲಿಗೆ ಹಿತ.

ಮೂರು, ಆಳವಾದ ಅಂಟು ಕೆಸರು. ಇಲ್ಲಿ ಜಾರುವುದಕ್ಕಿಂತ ಸಿಕ್ಕಿಹಾಕಿಕೊಳ್ಳುವುದೇ ತೊಂದರೆ. ಪ್ರತಿ ಹೆಜ್ಜೆಯನ್ನೂ ಕಿತ್ತು ತೆಗೆಯಬೇಕು. ದಣಿವು ಬೇಗ ಬರುತ್ತದೆ. ಕೆಸರು ಲಾಳವನ್ನೇ ಎಳೆದುಕೊಂಡುಬಿಡುವುದೂ ಉಂಟು.

ನಾಲ್ಕು, ಒದ್ದೆ ಮರಳು. ಕಡಲ ತೀರದಲ್ಲಿ ನಡೆದವರಿಗೆ ಗೊತ್ತು, ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ, ಒದ್ದೆ ಮರಳಿನಲ್ಲಿ ಆರಾಮಾಗಿ ನಡೆಯಬಹುದು. ಕೆಳಗೆ ಜಲ್ಲಿ ಹಾಕಿ ನೀರು ಹರಿದುಹೋಗುವ ಹಾಗೆ ಮಾಡಿದ ಮರಳಿನ ಅಂಕಣ ಇದ್ದರೆ ಮಳೆಗಾಲದಲ್ಲೂ ಹೆಚ್ಚಿನ ದಿನ ಕ್ಲಾಸು ನಡೆಯುತ್ತದೆ.

ಇದು ನಮ್ಮ ಉಸ್ತಾದರ ಅತಿ ಎಚ್ಚರಿಕೆ ಅಂದುಕೊಳ್ಳಬೇಡಿ. ಕುದುರೆ ರೇಸು ನಡೆಸುವ ಕಡೆ ಪೆನೆಟ್ರೊಮೀಟರ್ ಅನ್ನೋ ಸರಳ ಉಪಕರಣ ಇಟ್ಟಿರುತ್ತಾರೆ. ಒಂದು ತೂಕವನ್ನು ಗೊತ್ತಾದ ಎತ್ತರದಿಂದ ಬೀಳಿಸಿ, ಸರಳು ನೆಲದೊಳಗೆ ಎಷ್ಟು ಇಳಿಯಿತು ಎಂದು ಅಳೆಯುತ್ತಾರೆ. ಉಸ್ತಾದರ ಹಿಮ್ಮಡಿ ಮಾಡುವುದೂ ಅದೇ ಕೆಲಸ, ಅಂಕಿ ಇಲ್ಲ ಅಷ್ಟೇ.

ಇಂಗ್ಲೆಂಡಿನಲ್ಲಿ ಬ್ಯಾಡ್ಮಿಂಟನ್ ಎಂಬ ಜಾಗ ಇದೆ. ಹೌದು, ನಾವು ಆಡುವ ಶಟಲ್ ಆಟಕ್ಕೆ ಹೆಸರು ಬಂದದ್ದು ಅಲ್ಲಿನ ಬಂಗಲೆಯಿಂದಲೇ. ಅದೇ ಎಸ್ಟೇಟಿನಲ್ಲಿ 1949ರಿಂದ ಈವೆಂಟಿಂಗ್ ಸ್ಪರ್ಧೆ ನಡೆಯುತ್ತಿದೆ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ಗೆ ಹೋದದ್ದು ಈವೆಂಟಿಂಗ್‌ನಲ್ಲೇ. ಇದರಲ್ಲಿ ಬಯಲು, ದಿಬ್ಬ, ನೀರು ದಾಟಿ ಕುದುರೆ ಓಡಿಸುವ ಒಂದು ಸುತ್ತು ಇರುತ್ತದೆ. ಜಗತ್ತಿನ ಅತಿ ಪಳಗಿದ ಸವಾರರು, ಅತಿ ಧೈರ್ಯದ ಕುದುರೆಗಳು ಬರುವ ಜಾಗ ಬ್ಯಾಡ್ಮಿಂಟನ್. ಆದರೂ 2012ರಲ್ಲಿ ನೆಲದಲ್ಲಿ ನೀರು ನಿಂತಿದೆ ಎಂಬ ಕಾರಣಕ್ಕೆ ಇಡೀ ಸ್ಪರ್ಧೆಯನ್ನೇ ರದ್ದು ಮಾಡಿದರು. ಕುದುರೆ ಬಲ್ಲವರೇ ನೆಲಕ್ಕೆ ತಲೆಬಾಗುತ್ತಾರೆ ಅನ್ನಲು ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಮೊಣಕಾಲಿನ ಕೆಳಗೆ ಏನಿದೆ?

ಇಷ್ಟೊಂದು ಭಯ ಯಾಕೆ ಅನ್ನುವುದು ಕುದುರೆಯ ಕಾಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಸಾಮಾನ್ಯ ಕುದುರೆ 450ರಿಂದ 500 ಕಿಲೋ ತೂಗುತ್ತದೆ. ನಿಂತಾಗ ಅದರಲ್ಲಿ ಸುಮಾರು ಶೇಕಡ 60ರಷ್ಟು ಭಾರ ಮುಂಗಾಲುಗಳ ಮೇಲೆ. ಜೋರಾಗಿ ಓಡುವಾಗ ಒಂದು ಗಳಿಗೆ ಇಡೀ ದೇಹ ಒಂದೇ ಮುಂಗಾಲಿನ ಮೇಲೆ ನಿಲ್ಲುತ್ತದೆ. ಆಗ ಆ ಕಾಲಿನ ಮೇಲೆ ಬೀಳುವ ಬಲ ಕುದುರೆಯ ತೂಕದ ಎರಡೂವರೆ ಪಟ್ಟು. ಅಂದರೆ ಒಂದು ಟನ್‌ಗೂ ಹೆಚ್ಚು. ಅದನ್ನು ಹೊರುವ ಗೊರಸು ನಮ್ಮ ಅಂಗೈಗಿಂತ ಸ್ವಲ್ಪ ದೊಡ್ಡದು.

ಆಶ್ಚರ್ಯ ಏನೆಂದರೆ ಮೊಣಕಾಲಿನ ಕೆಳಗೆ ಕುದುರೆಗೆ ಮಾಂಸಖಂಡವೇ ಇಲ್ಲ ಅನ್ನಬಹುದು. ಮೂಳೆ, ಚರ್ಮ, ಮಧ್ಯೆ ಹಗ್ಗದಂಥ ಸ್ನಾಯುರಜ್ಜುಗಳು. ಓಡುವಾಗ ಇವು ಸ್ಪ್ರಿಂಗಿನಂತೆ ಎಳೆದುಕೊಂಡು ಮತ್ತೆ ಬಿಗಿಯಾಗುತ್ತವೆ. ಕಾಲು ಜಾರಿ ಅಡ್ಡಕ್ಕೆ ಹೋದರೆ ಅಥವಾ ಕೆಸರಿನಲ್ಲಿ ಸಿಕ್ಕಿ ತಡವಾಗಿ ಮೇಲೆದ್ದರೆ ಆ ಹಗ್ಗದ ಎಳೆಗಳು ಹರಿಯುತ್ತವೆ. ಅಲ್ಲಿ ರಕ್ತ ಸಂಚಾರವೂ ಕಡಿಮೆ. ಹಾಗಾಗಿ ವಾಸಿಯಾಗಲು ವಾರಗಳು ಸಾಲುವುದಿಲ್ಲ. ಒಂಬತ್ತು ತಿಂಗಳು, ಒಂದು ವರ್ಷ ಬೇಕು. ವಾಸಿಯಾದರೂ ಮೊದಲಿನ ಗಟ್ಟಿತನ ಬರುವುದಿಲ್ಲ.

ಸ್ಕೂಲಿನಲ್ಲಿ ನಾನು ಹೆಚ್ಚಾಗಿ ಹತ್ತುವುದು ಬಿಜಲಿ ಎಂಬ ಕಂದು ಹೆಣ್ಣು ಕುದುರೆಯನ್ನು. ಹೆಸರಿಗೆ ಮಿಂಚು, ನಡಿಗೆಯಲ್ಲಿ ಬಿಎಂಟಿಸಿ ಬಸ್ಸು. ಬೆಂಗಳೂರಿನ ಸುತ್ತಮುತ್ತಲ ರೈಡಿಂಗ್ ಸ್ಕೂಲುಗಳ ಎಷ್ಟೋ ಕುದುರೆಗಳ ಹಾಗೆ ಅವಳೂ ಹಿಂದೆ ರೇಸಿನಲ್ಲಿ ಓಡಿದವಳು. ಅವಳ ಎಡ ಮುಂಗಾಲಿನ ಹಿಂಭಾಗದಲ್ಲಿ ಬೆರಳಿಟ್ಟು ಕೆಳಗೆ ಜಾರಿಸಿದರೆ, ನಡುವೆ ಒಂದು ಕಡೆ ಉಬ್ಬು ಸಿಗುತ್ತದೆ. ಹಳೆಯ ಗಾಯ ಮಾಗಿದ ಗುರುತು.

ಎರಡು ವರ್ಷದ ಹಿಂದೆ, ಸೆಪ್ಟೆಂಬರಿನ ಒಂದು ಶನಿವಾರ ನಮಗೆ ಒಂದು ಸಣ್ಣ ಜಂಪಿಂಗ್ ಪರೀಕ್ಷೆ ಇತ್ತು. ಎತ್ತರ ಬರೀ 60 ಸೆಂಟಿಮೀಟರ್. ಟಿವಿಯಲ್ಲಿ ನೋಡುವವರಿಗೆ ಅದು ಏನೂ ಅಲ್ಲ. ಆದರೆ ನಾನು ನಾಲ್ಕು ತಿಂಗಳು ಅದಕ್ಕೆ ತಯಾರಿ ಮಾಡಿದ್ದೆ. ತಂಗಿ ಊರಿಂದ ರಾತ್ರಿ ಬಸ್ಸು ಹಿಡಿದು ನೋಡಲು ಬಂದಿದ್ದಳು. ಪರೀಕ್ಷೆ ಹುಲ್ಲಿನ ಮೈದಾನದಲ್ಲಿ. ರಾತ್ರಿ ಒಂದರ್ಧ ಗಂಟೆ ಮಳೆ ಬಂದಿತ್ತು, ಬೆಳಿಗ್ಗೆ ಚೆಂದದ ಬಿಸಿಲು.

ಉಸ್ತಾದ್ ಮೈದಾನ ಸುತ್ತಿ ಬಂದು, "ಇವತ್ತ ಜಂಪ್ ಇಲ್ಲ" ಅಂದರು.

ಎಲ್ಲರ ಮುಖವೂ ಸಪ್ಪೆಯಾಯಿತು. ಮಗನನ್ನು ಕರೆತಂದಿದ್ದ ಒಬ್ಬ ತಂದೆ ಬಿಡಲಿಲ್ಲ. "ಸರ್, ಬಿಸಿಲು ಬಂದಿದೆಯಲ್ಲ. ಕೆಸರೂ ಇಲ್ಲ. ದುಡ್ಡು ಕಟ್ಟಿದ್ದೀವಿ, ರಜಾ ಹಾಕಿ ಬಂದಿದ್ದೀವಿ. ಮಕ್ಕಳು ಸ್ವಲ್ಪ ಧೈರ್ಯ ಕಲೀಲಿ ಬಿಡಿ."

ಉಸ್ತಾದ್ ವಾದ ಮಾಡಲಿಲ್ಲ. ಬಿಜಲಿಯನ್ನು ಹಿಡಿದುಕೊಂಡು ಬರಲು ಹೇಳಿದರು. ಅವರನ್ನು ಪಕ್ಕಕ್ಕೆ ಕರೆದು, ಕೈ ಹಿಡಿದು ಆ ಎಡಗಾಲಿನ ಉಬ್ಬನ್ನು ಮುಟ್ಟಿಸಿದರು. "ಇಲ್ಲಿ ಒಮ್ಮೆ ಹರದೈತ್ರಿ. ಇನ್ನೊಮ್ಮೆ ಹರೀತಂದ್ರ ಒಂದ್ ವರ್ಷ ನಿಂತು ತಿನ್ಬೇಕು. ನಿಮ್ಮ ಹುಡುಗ ಬಿದ್ರ ಪ್ಲಾಸ್ಟರ್ ಹಾಕಿಸ್ತೀರಿ, ಮನ್ಯಾಗ ಕುಂದ್ರಿಸಿ ಊಟಾ ಹಾಕ್ತೀರಿ. ಇದಕ್ಕ ಯಾರ್ ಹಾಕ್ತಾರ್ರಿ?"

ಅವರು ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ.

ಆ ಪ್ರಶ್ನೆಯ ಅರ್ಥ ಲಾಯದಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಕೆಲಸ ಮಾಡದ ಕುದುರೆಗೂ ದಿನಾ ಹುಲ್ಲು, ಹುರುಳಿ, ಬೂಸಾ ಬೇಕು. ಸೈಸ್ ಬೇಕು, ಲಾಳ ಬೇಕು, ಡಾಕ್ಟರು ಬೇಕು. ಪುಣ್ಯವಿದ್ದ ಕುದುರೆಗೆ ಯಾರದೋ ತೋಟದಲ್ಲಿ ಮೇಯುವ ನಿವೃತ್ತಿ ಸಿಗುತ್ತದೆ. ಎಲ್ಲಕ್ಕೂ ಸಿಗುವುದಿಲ್ಲ. ಕೈಯಿಂದ ಕೈಗೆ ಮಾರಾಟವಾಗುತ್ತಾ ಕೊನೆಗೆ ಗಾಡಿಗೋ ಮದುವೆ ಮೆರವಣಿಗೆಗೋ ಕುಂಟುತ್ತಾ ಹೋಗುವ ಕುದುರೆಗಳನ್ನು ನಾವು ರಸ್ತೆಯಲ್ಲೇ ನೋಡುತ್ತೇವೆ. ನಮಗೆ ಅದು ಒಂದು ಶನಿವಾರದ ಪರೀಕ್ಷೆ. ಅವಳಿಗೆ ಅದು ಮುಂದಿನ ಬದುಕು.

ಅವತ್ತು ಮರಳಿನ ಅಂಕಣದಲ್ಲಿ ನಲವತ್ತು ನಿಮಿಷ ರಿಕಾಪು ಬಿಟ್ಟು ನಡಿಗೆ ಮಾಡಿಸಿದರು. ತಂಗಿ ಬೇಲಿಯ ಆಚೆ ನಿಂತು, "ಇಷ್ಟಕ್ಕೆ ನಾನು ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಬಂದ್ನಾ ಅಕ್ಕಾ?" ಅಂದಳು. ಬೇಜಾರು ನನಗೂ ಇತ್ತು. ಪರೀಕ್ಷೆ ನಡೆದದ್ದು ಡಿಸೆಂಬರಿನಲ್ಲಿ, ಒಣ ನೆಲದ ಮೇಲೆ. ಒಂದು ಕೋಲು ಬೀಳಿಸಿದೆವು, ಪಾಸಾದೆವು. 'ಆದೆವು' ಅಂತಲೇ ಹೇಳಬೇಕು, ಹಾರಿದವಳು ಅವಳೇ ತಾನೆ.

ನೆನೆದರೆ ಚಳಿಯಾಗಲ್ವಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಕುದುರೆಯ ಮೈಯುಷ್ಣತೆ ನಮಗಿಂತ ಒಂದಿಷ್ಟು ಹೆಚ್ಚು, 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಚಳಿ ಬಂದಾಗ ಕೂದಲು ನೆಟ್ಟಗೆ ನಿಲ್ಲುತ್ತದೆ, ನಡುವೆ ಗಾಳಿ ಸಿಕ್ಕಿಕೊಂಡು ಕಂಬಳಿಯ ಕೆಲಸ ಮಾಡುತ್ತದೆ. ಮೈಯ ಎಣ್ಣೆಯಂಶದಿಂದಾಗಿ ಸಣ್ಣ ಮಳೆ ಜಾರಿಹೋಗುತ್ತದೆ, ಬೆರಳಿನಿಂದ ಕೂದಲು ಸರಿಸಿದರೆ ಒಳಗೆ ಚರ್ಮ ಒಣಗಿಯೇ ಇರುತ್ತದೆ. ಜೋರು ಮಳೆಯಲ್ಲಿ ತುಂಬಾ ಹೊತ್ತು ನಿಂತರೆ ಮಾತ್ರ ಆ ಗಾಳಿಯ ಜಾಗವನ್ನು ನೀರು ತುಂಬುತ್ತದೆ. ನಿಂತ ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ. ಜೊತೆಗೆ ಗಾಳಿ ಬೀಸಿದರೆ ನಡುಕ ಶುರುವಾಗುತ್ತದೆ.

ಹಾಗಾಗಿ ಕೆಲಸ ಮಾಡುವಾಗ ನೆನೆದ ಕುದುರೆಗೆ ಅಷ್ಟು ತೊಂದರೆ ಇಲ್ಲ. ಬೆವತು, ನೆನೆದು, ಆಮೇಲೆ ಗಾಳಿಗೆ ಕಟ್ಟಿಹಾಕಿದ ಕುದುರೆಗೆ ತೊಂದರೆ. ನಮ್ಮಲ್ಲಿ ಕೊನೆಯ ಹತ್ತು ನಿಮಿಷ ಬರೀ ನಡಿಗೆ. ಲಾಯಕ್ಕೆ ಬಂದ ತಕ್ಷಣ ಜೀನು ಇಳಿಸಿ, ನೀರು ಬಳಿಯುವ ಪಟ್ಟಿಯಿಂದ ಮೈಮೇಲಿನ ನೀರು ಇಳಿಸಿ, ಒಣ ಬಟ್ಟೆಯಿಂದ ಗಸಗಸ ಉಜ್ಜಬೇಕು. ಮುಂದೆ ಒಣಹುಲ್ಲು ಹಾಕಬೇಕು. ಒಣಹುಲ್ಲು ಹೊಟ್ಟೆ ತುಂಬಿಸುವುದಕ್ಕಷ್ಟೇ ಅಲ್ಲ. ನಾರು ಕುದುರೆಯ ದೊಡ್ಡ ಕರುಳಿನಲ್ಲಿ ಹುದುಗುವಾಗ ಬಿಸಿ ಹುಟ್ಟುತ್ತದೆ. ಅದಕ್ಕೇ ಚಳಿಗೆ ಹುಲ್ಲೇ ಕುದುರೆಯ ಒಲೆ.

ಇನ್ನೊಂದು ಗಮನಿಸಿ. ಬಯಲಲ್ಲಿ ಬಿಟ್ಟ ಕುದುರೆಗಳು ಮಳೆ ಗಾಳಿ ಬಂದಾಗ ತಲೆ ತಗ್ಗಿಸಿ, ಬೆನ್ನು ಗಾಳಿಗೆ ಕೊಟ್ಟು, ಬಾಲ ಒತ್ತಿಕೊಂಡು ನಿಲ್ಲುತ್ತವೆ. ಸವಾರಿಯಲ್ಲೂ ಅವಕ್ಕೆ ಅದೇ ಬೇಕು. ಮಳೆಗೆ ಎದುರಾಗಿ ಹೋಗುವಾಗ ಕುದುರೆ ತಲೆ ತಿರುಗಿಸಿದರೆ ಅದು ಹಠ ಅಲ್ಲ. ಕಣ್ಣಿಗೆ, ಕಿವಿಗೆ ನೀರು ಹೊಡೆಯುತ್ತಿದೆ ಅಂತ ಅರ್ಥ. ಹೆಲ್ಮೆಟ್ ಹಾಕಿ ಬೈಕಿನಲ್ಲಿ ಹೋಗುವಾಗಲೇ ನಾವು ಮುಖ ಓರೆ ಮಾಡುವುದಿಲ್ಲವೆ?

ಗುಂಡಿ, ರೇನ್‌ಕೋಟು, ಲಗಾಮು

ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲೂ ಬಹುತೇಕ ಎಲ್ಲ ಕಾಣುತ್ತದೆ. ಆದರೆ ಕಾಲಡಿಯ ನೀರಿನ ಗುಂಡಿ ಒಂದು ಅಂಗುಲವೋ ಒಂದು ಆಳುದ್ದವೋ ಅದಕ್ಕೆ ತಿಳಿಯುವುದಿಲ್ಲ. ಆಕಾಶ ಹೊಳೆಯುವ ನೀರನ್ನು ಕಂಡು ಗಕ್ಕನೆ ನಿಲ್ಲುತ್ತದೆ, ಇಲ್ಲವೇ ಚಂಗನೆ ಹಾರುತ್ತದೆ. ಹೊಸಬರು ಬೀಳುವುದು ಹೆಚ್ಚಾಗಿ ಇಲ್ಲೇ. ಉಸ್ತಾದ್ ಮಾಡಿಸುವುದು ಹೀಗೆ: ಅನುಭವ ಇರುವ ಕುದುರೆಯೊಂದನ್ನು ಮುಂದೆ ನಡೆಸಿ, ಹಿಂದೆ ಹೊಸದನ್ನು ನಿಧಾನಕ್ಕೆ ಬಿಡುವುದು. ಮೂಸಿ ನೋಡಲು ಬಿಡುವುದು. ಒಂದು ಕಾಲಿಟ್ಟರೂ ಶಹಬ್ಬಾಸ್ ಎಂದು ಕುತ್ತಿಗೆ ತಟ್ಟುವುದು.

ಸದ್ದಿನದೂ ಇದೇ ಕಥೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆದರೆ ಕುದುರೆಗೆ ಬೇರೆ ಏನೂ ಕೇಳುವುದಿಲ್ಲ, ಅದಕ್ಕೇ ಬೆದರುತ್ತದೆ. ಮೈಸೂರು ದಸರಾಕ್ಕೆ ಮುಂಚೆ ಆನೆಗಳ ಜೊತೆ ಪೊಲೀಸ್ ಅಶ್ವಾರೋಹಿ ದಳದ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪು ಹಾರಿಸುವ ತಾಲೀಮು ಮಾಡುವುದನ್ನು ನೀವು ಪತ್ರಿಕೆಯಲ್ಲಿ ನೋಡಿರುತ್ತೀರಿ. ಒಂದೇ ದಿನಕ್ಕೆ ಯಾವ ಪ್ರಾಣಿಯೂ ಸದ್ದಿಗೆ ಒಗ್ಗುವುದಿಲ್ಲ. ಮತ್ತೆ ಮತ್ತೆ ಕೇಳಿಸಿ, ಏನೂ ಆಗಲ್ಲ ಎಂದು ನಂಬಿಸಬೇಕು.

ರೇನ್‌ಕೋಟು ಪಟಪಟ ಹಾರುವಂಥದ್ದು ಬೇಡ. ಮೈಗೆ ಅಂಟಿ ಕೂರುವ ಜಾಕೆಟ್ ಸಾಕು. ಅದನ್ನೂ ಮೊದಲು ನೆಲದ ಮೇಲೆ ನಿಂತು ಹಾಕಿಕೊಂಡು, ಕುದುರೆಗೆ ತೋರಿಸಿ, ಮೂಸಲು ಕೊಟ್ಟು ಆಮೇಲೆ ಹತ್ತಬೇಕು. ಕುದುರೆ ಮೇಲೆ ಕೂತು ಜಿಪ್ ಎಳೆಯುವುದು, ಕೊಡೆ ಬಿಚ್ಚುವುದು ಎರಡೂ ಬೇಡವೇ ಬೇಡ.

ಚರ್ಮದ ಲಗಾಮು ಒದ್ದೆಯಾದರೆ ಸಾಬೂನು ಹಚ್ಚಿದ ಹಾಗೆ. ರಬ್ಬರ್ ಹಿಡಿತ ಇರುವ ಲಗಾಮು, ಅಂಗೈಯಲ್ಲಿ ಚುಕ್ಕಿ ಇರುವ ಗ್ಲೌಸ್ ಇದ್ದರೆ ಅನುಕೂಲ. ಜಾರುತ್ತಿದೆ ಎಂದು ಲಗಾಮು ಗಟ್ಟಿಯಾಗಿ ಎಳೆದರೆ ಆ ಎಳೆತ ಹೋಗುವುದು ಕುದುರೆಯ ಬಾಯಿಗೆ. ತಲೆ ಮೇಲೆತ್ತಿದ ಕುದುರೆ ತನ್ನ ಕಾಲಡಿ ನೋಡಲಾರದು, ತೂಕ ಸರಿದೂಗಿಸಲಾರದು. ಅದಕ್ಕೇ ಕುತ್ತಿಗೆಗೊಂದು ಪಟ್ಟಿ ಕಟ್ಟಿರುತ್ತಾರೆ. ಹೆದರಿಕೆಯಾದರೆ ಅದನ್ನು ಹಿಡಿದುಕೊಳ್ಳಬೇಕು.

ಇನ್ನುಳಿದದ್ದು ಮಳೆಯಲ್ಲಿ ಕಾರು ಓಡಿಸುವವರಿಗೆಲ್ಲ ಗೊತ್ತಿರುವಂಥದ್ದೇ. ಮುಂದಿನ ಕುದುರೆಯಿಂದ ಇಮ್ಮಡಿ ಅಂತರ. ತಿರುವು ದೊಡ್ಡದು. ನಿಲ್ಲಿಸಬೇಕಾದ ಜಾಗಕ್ಕೆ ತುಂಬಾ ಮೊದಲೇ ನಿಧಾನ ಮಾಡುವುದು. ಇಳಿಜಾರಿನಲ್ಲಿ ಓರೆಯಾಗಿ ಹೋಗದೆ ನೇರ ಇಳಿಯುವುದು. ಹಾಗೆ ಇಳಿದರೆ ಜಾರಿದರೂ ಹಿಂಗಾಲಿನ ಮೇಲೆ ಕುಸಿದು ಸಾವರಿಸಿಕೊಳ್ಳುತ್ತದೆ, ಪಕ್ಕಕ್ಕೆ ಉರುಳುವುದಿಲ್ಲ. ಕಬ್ಬಿಣದ ಲಾಳಕ್ಕೆ ಒದ್ದೆ ಡಾಂಬರು, ರಸ್ತೆಯ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ ಮೂರೂ ಶತ್ರುಗಳು. ಅಲ್ಲಿ ನಡಿಗೆ ಬಿಟ್ಟು ಬೇರೆ ಮಾತಿಲ್ಲ.

ಗುಡುಗಿದರೆ ಇಳಿಯಿರಿ

ಇಷ್ಟರಲ್ಲಿ ಎಲ್ಲದಕ್ಕೂ 'ನೋಡೋಣ' ಅನ್ನಬಹುದು. ಸಿಡಿಲಿಗೆ ಮಾತ್ರ ನೋಡೋಣ ಅನ್ನುವುದಿಲ್ಲ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. ಮಿಂಚು ಕಂಡ ಮೇಲೆ ಎಣಿಸಿ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಅಷ್ಟು ಹತ್ತಿರ ಬಂದರೆ ಮುಂದಿನದು ನಿಮ್ಮ ಮೈದಾನಕ್ಕೇ ಬೀಳಬಹುದು. ಲಾಯಕ್ಕೆ ವಾಪಸ್. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಹೊರಗೆ ಬರುವಂತಿಲ್ಲ.

ಲಾಳ ಸಿಡಿಲನ್ನು ಸೆಳೆಯುತ್ತದೆ ಅನ್ನುವುದು ಸುಳ್ಳು. ನಿಜವಾದ ತೊಂದರೆ ಬೇರೆ. ಸಿಡಿಲು ಬಿದ್ದಾಗ ಕರೆಂಟು ನೆಲದಲ್ಲಿ ಸುತ್ತಲೂ ಹರಡುತ್ತದೆ. ದೂರ ಹೋದಂತೆ ವೋಲ್ಟೇಜು ಇಳಿಯುತ್ತದೆ. ಕುದುರೆಯ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಹೆಚ್ಚು, ಹಾಗಾಗಿ ವೋಲ್ಟೇಜಿನ ವ್ಯತ್ಯಾಸವೂ ಹೆಚ್ಚು. ಆ ಕರೆಂಟು ಹೋಗುವ ದಾರಿಯಲ್ಲೇ ಹೃದಯ ಇರುತ್ತದೆ. ಮರದ ಕೆಳಗೆ ನಿಂತ ದನಗಳು ಒಟ್ಟಿಗೆ ಸತ್ತ ಸುದ್ದಿ ಮುಂಗಾರಿಗೆ ಮುಂಚೆ ಓದುತ್ತೀರಲ್ಲ, ಅದಕ್ಕೂ ಇದೂ ಒಂದು ಕಾರಣ. ಮರದ ಆಸರೆ ಹುಡುಕಬೇಡಿ.

ಇಳಿದ ಮೇಲಿನ ಕೆಲಸ

ಬೇಸಿಗೆಯಲ್ಲಿ ಸವಾರಿ ಮುಕ್ಕಾಲು ಗಂಟೆ, ಆರೈಕೆ ಅರ್ಧ ಗಂಟೆ. ಮಳೆಗಾಲದಲ್ಲಿ ಅದು ತಿರುಗುಮುರುಗಾಗುತ್ತದೆ. ಇದನ್ನು ನನಗೆ ಕಲಿಸಿದ್ದು ಬಿಜಲಿಯ ಸೈಸ್. ಬಿಹಾರದಿಂದ ಬಂದ ಹುಡುಗ, ಕನ್ನಡ ಹಿಂದಿ ಕಲಸಿ ಮಾತಾಡುತ್ತಾನೆ. "ಮೇಡಂ, ಕಣ್ಣಿಂದ ಅಲ್ಲ, ನಾಕ್ ಸೇ ನೋಡಿ" ಅನ್ನುತ್ತಾ ಗೊರಸು ಎತ್ತಿ ತೋರಿಸಿದ್ದ. ಗೊರಸಿನ ತಳದ ಮೆತ್ತನೆಯ ತ್ರಿಕೋನದ ಪಕ್ಕದ ಸಂದಿಗಳಲ್ಲಿ ಕೆಸರು, ಲದ್ದಿ ಕೂತು ಗಾಳಿಯಾಡದಿದ್ದರೆ ಅಲ್ಲಿ ಕೊಳೆಯುತ್ತದೆ. ಕಪ್ಪು ಕೀವಿನಂಥದ್ದು ಬರುತ್ತದೆ. ಅದು ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬಡಿಯುತ್ತದೆ. ಆ ವಾಸನೆ ಒಮ್ಮೆ ಗೊತ್ತಾದರೆ ಜನ್ಮದಲ್ಲಿ ಮರೆಯುವುದಿಲ್ಲ. ದಿನಾ ಎರಡು ಸಲ ಗೊರಸು ಕೆರೆದು, ಒಣ ನೆಲದ ಮೇಲೆ ನಿಲ್ಲಿಸುವುದೇ ಮೊದಲ ಔಷಧ.

ಗೊರಸಿನ ಮೇಲಿನ ಕಾಲಿನ ಮಡಿಕೆಗಳಲ್ಲಿ ತೇವ ನಿಂತರೆ ಚರ್ಮ ಒಡೆದು ಹಕ್ಕಳೆ ಕಟ್ಟುತ್ತದೆ. ಕೆಸರು ತೊಳೆದು ಹಾಗೇ ಬಿಡುವುದು ತೊಳೆಯದೆ ಇರುವುದಕ್ಕಿಂತ ಕೆಟ್ಟದ್ದು. ತೊಳೆದರೆ ಪೂರ್ತಿ ಒಣಗಿಸಬೇಕು. ಇಲ್ಲದಿದ್ದರೆ ಕೆಸರು ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಬೇಕು. ಹೊಟ್ಟಿನ ಮೇಲೂ ಕಣ್ಣಿಡಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಬೂಷ್ಟು ಹಿಡಿದ ಹುಲ್ಲು ಹೊಟ್ಟೆಗೆ ಹೋದರೆ ಹೊಟ್ಟೆನೋವಿನಿಂದ ಹೊರಳಾಡುತ್ತದೆ, ಪ್ರಾಣಕ್ಕೇ ಬರಬಹುದು. ಲಾಳವನ್ನೂ ದಿನಾ ಅಲುಗಾಡಿಸಿ ನೋಡಬೇಕು. ಗೊರಸು ನೆನೆದು ಒಣಗಿ, ನೆನೆದು ಒಣಗಿ ಮೊಳೆಯ ತೂತು ಸಡಿಲವಾಗುತ್ತದೆ.

ಜೀನು, ಲಗಾಮುಗಳ ಕೆಲಸ ನಮ್ಮದು. ಒದ್ದೆ ಚರ್ಮವನ್ನು ಬಿಸಿಲಿಗೋ ಹೀಟರಿಗೋ ಇಟ್ಟರೆ ಬಿರುಕು ಬಿಡುತ್ತದೆ. ನೆರಳಲ್ಲಿ ಗಾಳಿಗೆ ಒಣಗಿಸಿ, ಸ್ಯಾಡಲ್ ಸೋಪು ಹಚ್ಚಿ, ಹೊಲಿಗೆಗಳನ್ನು ಒಂದೊಂದಾಗಿ ಎಳೆದು ನೋಡಬೇಕು. ಒಂದು ವಾರ ಮರೆತರೆ ಹಸಿರು ಬೂಷ್ಟು. ಈ ಕೆಲಸ ಮಾಡುವಾಗ ಫೋನ್ ಮುಟ್ಟಲು ಕೈ ಖಾಲಿ ಇರುವುದಿಲ್ಲ. ವಾರವಿಡೀ ಸ್ಕ್ರೀನ್ ನೋಡುವವರಿಗೆ ಅದೂ ಒಂದು ಲಾಭ.

ಸೇರುವ ಮೊದಲು ಒಂದು ಮಾತು

ಕುದುರೆ ಸವಾರಿ ಕಲಿಯಬೇಕು, ಯಾವ ಸ್ಕೂಲಿಗೆ ಸೇರಲಿ ಎಂದು ನನ್ನನ್ನು ಕೇಳುವ ಗೆಳೆಯರಿಗೆ ನಾನು ಹೇಳುವುದು ಒಂದೇ. ರಾತ್ರಿ ಚೆನ್ನಾಗಿ ಮಳೆ ಬಂದ ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ನೋಡಿ. ಕುದುರೆಗಳು ನಿಂತಿರುವ ಲಾಯದ ನೆಲ ಒಣಗಿದೆಯೇ? ಯಾರಾದರೂ ಗೊರಸು ಎತ್ತಿ ನೋಡುತ್ತಿದ್ದಾರೆಯೇ? ಹುಲ್ಲನ್ನು ನೆಲದಿಂದ ಎತ್ತರಿಸಿ ಇಟ್ಟಿದ್ದಾರೆಯೇ? ಆಮೇಲೆ ಒಂದು ಪ್ರಶ್ನೆ ಕೇಳಿ: "ನೆಲ ಸರಿ ಇಲ್ಲ ಅಂದ್ರೆ ಇವತ್ತು ಏನು ಮಾಡಿಸ್ತೀರಿ?"

"ಏನೂ ಆಗಲ್ಲ, ಬನ್ನಿ ಹತ್ತಿ" ಎಂದರೆ ಮನೆಗೆ ಬನ್ನಿ. "ಇವತ್ತು ಓಡಿಸಲ್ಲ, ಬರೀ ನಡಿಗೆ, ಅದೂ ಮರಳಲ್ಲಿ" ಎಂದು ದುಡ್ಡು ಕಟ್ಟಿದವರ ಮುಖಕ್ಕೇ ಹೇಳುವವರಿದ್ದರೆ ಅಲ್ಲಿ ಸೇರಿ. ರದ್ದಾದ ಕ್ಲಾಸು ಮುಂದಿನ ವಾರ ಮತ್ತೆ ಸಿಗುತ್ತದೆ.

ಬಿಜಲಿಗೆ ಈಗ ಹದಿನೆಂಟು ವರ್ಷ. ಜಂಪು ನಿಲ್ಲಿಸಿಯಾಗಿದೆ, ಚಿಕ್ಕ ಮಕ್ಕಳನ್ನು ಹೊತ್ತು ಮರಳಿನಲ್ಲಿ ನಿಧಾನಕ್ಕೆ ಸುತ್ತು ಹಾಕುತ್ತಾಳೆ. ಎಡಗಾಲಿನ ಉಬ್ಬು ಹಾಗೇ ಇದೆ, ದೊಡ್ಡದಾಗಿಲ್ಲ. ನಾಲ್ಕೂ ಕಾಲಿನ ಮೇಲೆ ಸಮನಾಗಿ ನಿಂತು ಹುರುಳಿ ತಿನ್ನುತ್ತಾಳೆ.